ಯಾವ ರೇಸಿಂಗ್ ಸಿಮ್‌ನಲ್ಲಿ ಸ್ಟೀರಿಂಗು ಸರಿಯಾಗಿ ಮಾತಾಡ್ತದೆ? ಘಟ್ಟ ಇಳ್ದು ಗೊತ್ತಿದ್ದವರು ಹೇಳಿ

ದೇವಿಮನೆ ತಿರುವು, ಶಿರಸಿ:

ಸಿಮ್ ರೇಸಿಂಗ್, ಅಂದ್ರೆ ನಿಜದ ಕಾರಿನಂಗೇ ಓಡ್ಸೂ ಗೇಮು, ಅದರ ಸುದ್ದಿ ಬಂದಾಗೆಲ್ಲ "ಈ ಗೇಮ್ ರಾಶಿ ಕಷ್ಟ, ಅದಕ್ಕೇ ರಿಯಲ್" ಅಂತಾರೆ, ನಂಗೆ ಈ ಮಾತು ಒಪ್ಗೆ ಆಗೂದಿಲ್ಲ. ನಮ್ಮಲ್ಲಿ ಅರವತ್ತು ದಾಟಿದವರೂ ಆಷಾಢದ ಮಳೇಲಿ ಶಿರಸಿಯಿಂದ ಕುಮಟೆಗೆ ಘಟ್ಟ ಇಳ್ದು ಸಂಜೆ ವಾಪಸ್ ಹತ್ತಿ ಬರ್ತಾರೆ, ಅವರಿಗೆ ಅದು ದಿನದ ಕೆಲಸ, ಯಾಕಂದ್ರೆ ಗಾಡಿ ಅವರ ಕೈ ಕಾಲಿಗೆ ಸುದ್ದಿ ಕೊಡ್ತಾ ಇರ್ತದೆ. ಅದೇ ಮನುಷ್ಯನ್ನ ಸುದ್ದಿ ಕೊಡದ ಸಿಮ್ ಎದ್ರು ಕೂರ್ಸಿದ್ರೆ ಮೊದಲ್ನೇ ತಿರುವಲ್ಲೇ ಗಿರಕಿ ಹೊಡ್ದು ನಿಲ್ತಾರೆ. ಅದನ್ನ ರಿಯಲ್ ಅಂತ ಹ್ಯಾಂಗೆ ಹೇಳೂದು?

ನನ್ನ ಲೆಕ್ಕ ಒಂದೇ. ಮುಂದಿನ ಟಯರು ಹಿಡಿತ ಬಿಡೂದಕ್ಕೆ ಸ್ವಲ್ಪ ಮುಂಚೆ ಕೈಗೆ ಗೊತ್ತಾಗ್ಬೇಕು. ಗೊತ್ತಾದ್ರೆ ಆ ಸಿಮ್ ಚಲೋ. ಗ್ರಾಫಿಕ್ಸು, ಕಾರು ಎಷ್ಟು ನೂರು ಇದ್ದಾವೆ, ಅದೆಲ್ಲ ಆಮೇಲೆ.

ಯಾಕೆ ಹೀಗೆ ಹೇಳ್ತೇನೆ ಅಂದ್ರೆ, ನಮ್ಮನೇಲಿ ಒಂದು ಓಮ್ನಿ ಇತ್ತು. 796 ಸಿಸಿ, ಪವರ್ ಸ್ಟೀರಿಂಗ್ ಇಲ್ಲ, ಇಂಜಿನ್ನು ಮುಂದಿನ ಸೀಟಿನ ಅಡೀಗೆ, ತಳ್ಳೂದು ಹಿಂದಿನ ಚಕ್ರ. ಒಂದ್ಸಲ ಜುಲೈನಲ್ಲಿ ಹಿಂದೆ ಅಡಿಕೆ ಚೀಲ ತುಂಬ್ಕೊಂಡು ದೇವಿಮನೆ ಇಳೀತಾ ಇದ್ದೆ, ಭಾರ ಎಲ್ಲ ಹಿಂದೆ, ಮುಂದಿನ ಚಕ್ರಕ್ಕೆ ತೂಕ ಕಮ್ಮಿ. ಒಂದು ಎಡ ತಿರುವಲ್ಲಿ, ಅಲ್ಲೀವರೆಗೆ ಬಾವಿಯಿಂದ ತುಂಬಿದ ಕೊಡಪಾನ ಎಳ್ದಂಗೆ ಬಿಗಿ ಇದ್ದ ಸ್ಟೀರಿಂಗು ಹಗ್ಗ ಹರಿದಂಗೆ ಹಗುರ ಆಗ್ಹೋಯ್ತು. ಕಣ್ಣಿಗೆ ಇನ್ನೂ ಏನೂ ಕಂಡಿರಲಿಲ್ಲ, ಗಾಡಿ ಮೂತಿ ರಸ್ತೆ ಕಡೇಗೇ ಇತ್ತು. ಕಾಲು ತಾನಾಗೇ ಆಕ್ಸಿಲರೇಟರ್ ಬಿಡ್ತು, ತೂಕ ಮುಂದೆ ಬಂತು, ಸ್ಟೀರಿಂಗು ಮತ್ತೆ ಬಿಗಿ ಆಯ್ತು, ಅಷ್ಟೇಯ. ಪಕ್ಕದಲ್ಲಿ ಕೂತಿದ್ದ ಅಪ್ಪಯ್ಯಂಗೆ ಗೊತ್ತೇ ಆಗ್ಲಿಲ್ಲ.

ಇದು ಯಾಕೆ ಆಗ್ತದೆ ಅಂತ ಆಮೇಲೆ ಓದಿ ತಿಳ್ಕೊಂಡೆ. ತಿರುವಲ್ಲಿ ಟಯರು ರಸ್ತೆಗೆ ಒತ್ತಿಕೊಂಡಿರೋ ಜಾಗದ ಹಿಂಬದಿ ಜಾಸ್ತಿ ಎಳೀತದೆ, ಆ ಎಳೆತವೇ ಸ್ಟೀರಿಂಗನ್ನ ಸೀದಾ ಮಾಡೋಕೆ ನೋಡ್ತದೆ, ನಮ್ಗೆ ಬಿಗಿ ಅನ್ಸೂದು ಅದಕ್ಕೇ. ಜಾರೋಕೆ ಶುರು ಆಗೂದೂ ಅದೇ ಹಿಂಬದಿಯಿಂದ. ಹಾಗಾಗಿ ಹಿಡಿತ ಪೂರ್ತಿ ಮುಗಿಯೂದಕ್ಕೆ ಮುಂಚೇನೇ ಎಳೆತ ಇಳ್ದು ಕೈಗೆ ಹಗುರ ಆಗ್ತದೆ. ಟಯರು ಕೊಡೋ ಮುನ್ಸೂಚನೆ ಅದು, ಮನುಷ್ಯರು ಇಟ್ಟಿದ್ದಲ್ಲ.

2014ರ ಅಸೆಟೊ ಕೋರ್ಸಾ ಗೇಮಲ್ಲಿ ಲೋಟಸ್ ಎಲೀಸ್ ಎಸ್‌ಸಿ ತಗೊಂಡು ವಲ್ಲೆಲುಂಗಾ ಟ್ರ್ಯಾಕಿಗೆ ಹೋದಾಗ ನಂಗೆ ಅದೇ ಓಮ್ನಿ ತಿರುವು ನೆನಪಾಯ್ತು, ಸುಳ್ಳಲ್ಲ. ಎಲೀಸ್‌ಗೂ ಪವರ್ ಸ್ಟೀರಿಂಗ್ ಇಲ್ಲ. ಮತ್ತೆ ಆ ಟ್ರ್ಯಾಕ್ ಲೇಸರ್ ಸ್ಕ್ಯಾನ್ ಮಾಡಿದ್ದು, ಗೇಮ್ ಮಾಡಿದ ಇಟಲಿಯ ಕುನೋಸ್‌ನವರ ಆಫೀಸೇ ಆಗ ಅಲ್ಲಿತ್ತು.

ನೀವೂ ಒಂದು ಪರೀಕ್ಷೆ ಮಾಡಿ ಹೇಳಿ. ಸೌಂಡು ಪೂರ್ತಿ ಬಂದ್ ಮಾಡಿ. ಉದ್ದದ ಒಂದು ತಿರುವು, 3ನೇ ಗೇರು, ಒಂದೇ ಸ್ಪೀಡು, ನಿಧಾನಕ್ಕೆ ಸ್ಟೀರಿಂಗ್ ತಿರುಗಿಸ್ತಾ ಹೋಗಿ. ಮೂತಿ ಹೊರಗೆ ಹೋಗೂದಕ್ಕೆ ಮುಂಚೆ ಕೈಗೆ ಹಗುರ ಆಯ್ತಾ, ಹೋದಮೇಲೆ ಆಯ್ತಾ, ಆಗ್ಲೇ ಇಲ್ವಾ? ಯಾವ ಗೇಮು, ಯಾವ ವೀಲು (ಗೇಮಿಗೆ ಜೋಡ್ಸೂ ಮೋಟರ್ ಇರೂ ಸ್ಟೀರಿಂಗು) ಅಂತ ಬರೀರಿ.

ಕಾಳಿ ದಂಡೆ, ಕಾರವಾರ:

ಚಲೋ ವಿಷಯ ತೆಗ್ದಿರಿ. ಆದ್ರೆ ಎಲ್ರೂ ಸ್ಟೀರಿಂಗ್ ಬಗ್ಗೇನೇ ಮಾತಾಡ್ತಾರೆ, ನಾನು ಬ್ರೇಕ್ ಬಗ್ಗೆ ಹೇಳ್ತೆ. ನಿಜವಾದ ಕಾರಲ್ಲಿ ಬ್ರೇಕ್ ಪೆಡಲ್ ಎಷ್ಟು ದೂರ ಹೋಯ್ತು ಅನ್ನೂದು ಕಾಲಿಗೆ ಗೊತ್ತಾಗೂದು ಕಮ್ಮಿ, ಎಷ್ಟು ಜೋರಾಗಿ ಒತ್ತಿದ್ದು ಅನ್ನೂದು ಗೊತ್ತಾಗ್ತದೆ, ಸ್ನಾಯು ನೆನಪಿಟ್ಟುಕೊಳ್ಳೂದು ಒತ್ತಡವನ್ನ. ಸಸ್ತಾ ಪೆಡಲ್ ಎಲ್ಲ ದೂರ ಅಳೀತವೆ. ಅದಕ್ಕೇ ಪ್ರತಿ ಲ್ಯಾಪಲ್ಲೂ ಬೇರೆ ಬೇರೆ ಕಡೆ ಬ್ರೇಕ್ ಬೀಳ್ತದೆ, ನಾವು ಗೇಮ್‌ಗೆ ಬೈತೇವೆ.

ನನ್ನ ಮನೆ ಸಮುದ್ರದಿಂದ ಅರ್ಧ ಕಿಲೋಮೀಟರ್ ಇಲ್ಲ. ಉಪ್ಪುಗಾಳಿಗೆ ಎರಡು ಮಳೆಗಾಲ ಆಗೂದ್ರೊಳಗೆ ಪೆಡಲಿನ ಒಳಗೆ ದೂರ ಅಳಿಯೂ ಪೊಟೆನ್ಶಿಯೋಮೀಟರ್ ಕೆಟ್ಟು ಕಾಲು ಇಡದಿದ್ರೂ ಬ್ರೇಕ್ 8 ಪರ್ಸೆಂಟ್ 15 ಪರ್ಸೆಂಟ್ ಅಂತ ಕುಣೀತಿತ್ತು. ಬಿಚ್ಚಿ ಕಾಂಟ್ಯಾಕ್ಟ್ ಕ್ಲೀನರ್ ಹೊಡ್ದೆ, ಒಂದು ತಿಂಗಳು ಸರಿ ಇತ್ತು, ಮತ್ತೆ ಅದೇ. ಕೊನೆಗೆ ಒಂದು ಹಳೇ ಎಲೆಕ್ಟ್ರಾನಿಕ್ ತೂಕದ ಯಂತ್ರದ ಲೋಡ್ ಸೆಲ್ (ಒತ್ತಡ ಅಳಿಯೂ ಭಾಗ) ಬಿಚ್ಚಿ ಪೆಡಲ್ ಹಿಂದೆ ಕೂರ್ಸ್ದೆ, ಮೀನು ಮಾರ್ಕೆಟ್ಟಲ್ಲಿ ಇಡ್ತಾರಲ್ಲ ಅಂಥದ್ದು. ಅದರ ಸಿಗ್ನಲ್ ಓದೋಕೆ ಎಚ್‌ಎಕ್ಸ್711 ಬೋರ್ಡು, ಅದನ್ನ ಕಂಪ್ಯೂಟರಿಗೆ ಕೊಡೋಕೆ ಆರ್ಡುವಿನೊ ಲಿಯೊನಾರ್ಡೊ ಅನ್ನೋ ಇನ್ನೊಂದು ಸಣ್ಣ ಬೋರ್ಡು. ಲಿಯೊನಾರ್ಡೊನೇ ಯಾಕೆ ಅಂದ್ರೆ ಅದನ್ನ ಕಂಪ್ಯೂಟರ್ ಸೀದಾ ಜಾಯ್‌ಸ್ಟಿಕ್ ಅಂತ ಗುರುತು ಹಿಡೀತದೆ, ಆರ್ಡುವಿನೊದ್ದೇ ಯೂನೊ ಬೋರ್ಡನ್ನ ಹಾಗೆ ಹಿಡಿಯೂದಿಲ್ಲ.

ಮಾಡೋರಿಗೆ ಒಂದು ಕಿವಿಮಾತು. ಅಗ್ಗದ ಎಚ್‌ಎಕ್ಸ್711 ಬೋರ್ಡು ಸೆಕೆಂಡಿಗೆ 10 ಸಲ ಮಾತ್ರ ಓದ್ತದೆ, ಬ್ರೇಕ್ ಒತ್ತಿ ಸ್ವಲ್ಪ ಹೊತ್ತಾದ್ಮೇಲೆ ಕಾರು ನಿಲ್ಲೋಕೆ ಶುರು ಮಾಡಿದಂಗೆ ಅನ್ಸ್ತದೆ. ಅದರ ಚಿಪ್ಪಿನ 15ನೇ ಕಾಲನ್ನ (ಪಿನ್ನು) ಗ್ರೌಂಡಿಂದ ಬಿಡ್ಸಿ ಪಾಸಿಟಿವ್‌ಗೆ ಕೊಟ್ರೆ 80 ಸಲ ಆಗ್ತದೆ. ನಾನು ಇದು ಗೊತ್ತಾಗದೆ ಮೂರು ರಾತ್ರಿ ಕೂತಿದ್ದೆ.

ಆಮೇಲೆ ಏನಾಯ್ತು ಅಂದ್ರೆ, ಕುನೋಸ್‌ನವರದ್ದೇ ಇನ್ನೊಂದು ಗೇಮು ಅಸೆಟೊ ಕೋರ್ಸಾ ಕಾಂಪಿಟಿಜಿಯೋನೆ ಬಗ್ಗೆ "ಸತ್ತ ಸ್ಟೀರಿಂಗು" ಅಂತ ನಂಗಿದ್ದ ಅಭಿಪ್ರಾಯವೇ ಬದ್ಲಾಯ್ತು. ಬ್ರೇಕನ್ನ ನಿಧಾನಕ್ಕೆ ಬಿಡ್ತಾ ತಿರುವಿನ ಒಳಗೆ ಹೋದ್ರೆ ಮೂತಿ ಹೇಳಿದ ಮಾತು ಕೇಳ್ತದೆ, ಬೇಗ ಬಿಟ್ರೆ ಮುಂದಿನ ತೂಕ ಹೋಗಿ ಹೊರಗೆ ಓಡ್ತದೆ. ಅದು ಮೊದ್ಲಿಂದ್ಲೂ ಗೇಮಲ್ಲಿ ಇತ್ತು, ನನ್ನ ಕಾಲಿಗೆ ಸಿಕ್ತಿರಲಿಲ್ಲ.

ಸಿದ್ದಾಪುರದವ:

ಟಾರ್ ರಸ್ತೆ ಬಿಡಿ ಮಾರಾಯ್ರೆ. ತೋಟಕ್ಕೆ ಹೋಗೂ ಕೆಮ್ಮಣ್ಣಿನ ರಸ್ತೇಲಿ ಮಳೆ ಬಿದ್ದ ಮರುದಿನ ಜೀಪು ಓಡ್ಸಿದವಂಗೆ ರಿಚರ್ಡ್ ಬರ್ನ್ಸ್ ರ‍್ಯಾಲಿ ಬಿಟ್ಟು ಬೇರೆ ಯಾವ್ದೂ ಮನಸ್ಸಿಗೆ ಹಿಡಿಯೂದಿಲ್ಲ. 2004ರ ಗೇಮು, ನೋಡೋಕೆ ಹಳೇದು, ಇವತ್ತಿಗೂ ಅಭಿಮಾನಿಗಳು ಸೇರ್ಕೊಂಡು ಹೊಸ ಸ್ಟೇಜು (ಓಡ್ಸೂ ರಸ್ತೆಯ ತುಂಡು), ಹೊಸ ಕಾರು ಮಾಡಿ ಹಾಕ್ತಾ ಇದ್ದಾರೆ, ರ‍್ಯಾಲಿ ಸಿಮ್ ಫ್ಯಾನ್ಸ್ ಅನ್ನೋ ಬಳಗದ ಪ್ಯಾಕ್ ಹಾಕ್ಕೊಂಡ್ರೆ ಎಲ್ಲ ಒಟ್ಟಿಗೇ ಬರ್ತದೆ. 2001ರ ವಿಶ್ವ ಚಾಂಪಿಯನ್ ಬರ್ನ್ಸ್ ಹೆಸರಲ್ಲಿ ಮಾಡಿದ್ದು, ಪಾಪ ಅವ್ರು 2005ರಲ್ಲಿ ತೀರ್ಕೊಂಡ್ರು.

ಅದರಲ್ಲಿ ಚಲೋ ಏನು ಅಂದ್ರೆ ತೂಕ. ಎಡಕ್ಕೆ ತಿರುಗ್ಬೇಕು ಅಂದ್ರೆ ಮೊದ್ಲು ಬಲಕ್ಕೆ ಸ್ವಲ್ಪ ಎಳ್ದು ತೂಕ ಒಂದ್ಕಡೆ ಹಾಕಿ ಆಮೇಲೆ ಎಡಕ್ಕೆ ಬಿಡೂದು, ಆಗ ಗಾಡಿ ಹಿಂಬದಿ ಲೋಲಕದಂಗೆ ತೂಗಿ ಬರ್ತದೆ. ಆ ಒಂದು ಕ್ಷಣ, ತೂಕ ಆಚೆಯಿಂದ ಈಚೆ ದಾಟೂ ಕ್ಷಣ, ಸ್ಟೀರಿಂಗಲ್ಲಿ ಏನೂ ಇರೂದಿಲ್ಲ, ಖಾಲಿ. ನಮ್ಮ ಜೀಪಲ್ಲೂ ಕೆಸರಲ್ಲಿ ಹಂಗೇ. ಡರ್ಟ್ ರ‍್ಯಾಲಿ 2.0 ನಂಗೆ ಇಷ್ಟವೇ, 2019ರಲ್ಲಿ ಬಂದಾಗ ಹುಚ್ಚು ಹಿಡ್ದಂಗೆ ಆಡಿದ್ದೆ, ಮಣ್ಣಿನ ಸ್ಟೇಜು ಅದ್ರಲ್ಲಿ ಚಂದ, ಟಾರ್ ಮೇಲೆ ಮಾತ್ರ ಕಾರು ನಡುವಲ್ಲಿ ಮೊಳೆ ಹೊಡ್ದು ತಿರುಗಿಸಿದಂಗೆ ಅನ್ಸ್ತದೆ.

ಚಿಕ್ಕಮಗಳೂರಿನ ಕಾಫಿ ತೋಟದ ರಸ್ತೇಲಿ ಏಷ್ಯಾ ಪೆಸಿಫಿಕ್ ರ‍್ಯಾಲಿ ನಡೀತಿತ್ತಲ್ಲ, ಗೌರವ್ ಗಿಲ್ ಆ ಚಾಂಪಿಯನ್‌ಶಿಪ್ಪನ್ನ 2013, 2016, 2017 ಮೂರು ಸಲ ಗೆದ್ದವರು. ಅಂಥ ತೋಟದ ಸ್ಟೇಜನ್ನ ಯಾರಾದ್ರೂ ಸರಿಯಾಗಿ ಮಾಡಿ ಹಾಕಿದ್ರೆ ನಾನು ಬೇರೆ ಎಲ್ಲ ಬಿಟ್ಬಿಡ್ತೇನೆ.

ಅಘನಾಶಿನಿ, ಕುಮಟಾ:

ನಿಮ್ದೆಲ್ಲ ವೀಲ್ ಇರೋರ ಮಾತಾಯ್ತು. ನನ್ನ ಹತ್ರ ಇರೂದು ಪಿಎಸ್5 (ಪ್ಲೇಸ್ಟೇಷನ್ 5) ಮತ್ತೆ ಅದ್ರ ಕೈಯಲ್ಲಿ ಹಿಡಿಯೂ ಕಂಟ್ರೋಲರ್ರು. ಗ್ರ್ಯಾನ್ ಟುರಿಸ್ಮೊ 7 ಆಡ್ತೇನೆ, "ಅದು ಸಿಮ್ ಅಲ್ಲ" ಅಂತ ಹೇಳಿಸ್ಕೊಂಡು ಸಾಕಾಗಿದೆ. ಕಂಟ್ರೋಲರಲ್ಲಿ ನಾನು ಹೆಬ್ಬೆರಳು ಒಂದು ಸೆಂಟಿಮೀಟರ್ ಸರ್ಸಿದ್ರೆ ಅದನ್ನ ಸೀದಾ ಚಕ್ರಕ್ಕೆ ಕೊಟ್ರೆ ಯಾರೂ ಓಡ್ಸೋಕೆ ಆಗೂದಿಲ್ಲ, ಹಾಗಾಗಿ ಗೇಮು ಮಧ್ಯೆ ನಿಂತು ಸ್ಪೀಡ್ ಜಾಸ್ತಿ ಆದಾಗ ತಿರುಗೂದನ್ನ ಕಮ್ಮಿ ಮಾಡ್ತದೆ, ಮೆತ್ತಗೆ ಮಾಡ್ತದೆ. ಅದನ್ನ ಮೋಸ ಅನ್ನಬಾರ್ದು, ಅದೂ ಒಂದು ಕಸುಬು. ಬ್ರೇಕಿನ ಎಲ್2 ಬಟನ್ನು ಎಬಿಎಸ್ ಬಡಿಯೂವಾಗ ಬೆರಳಿಗೆ ವಾಪಸ್ ಒದೀತದೆ, ನನ್ನ ಗೆಳತಿ ಹತ್ರ ಇರೂ ವೀಲಿನ ಪೆಡಲ್ಲಿಗೆ ಅದೂ ಇಲ್ಲ.

ಮತ್ತೆ ಗ್ರ್ಯಾನ್ ಟುರಿಸ್ಮೊದ ಹಿಂದಿನ ಗೇಮಿಂದ ನಿಜವಾದ ಡ್ರೈವರ್ ಬಂದಿದ್ದಾರೆ ಅಲ್ವಾ, ಜಾನ್ ಮಾರ್ಡನ್‌ಬರೋ 2011ರಲ್ಲಿ ಗೇಮ್ ಆಡೋರನ್ನ ನಿಜವಾದ ರೇಸಿಗೆ ಆರಿಸೂ ಜಿಟಿ ಅಕಾಡೆಮಿ ಸ್ಪರ್ಧೆ ಗೆದ್ದು ಆಮೇಲೆ ಫ್ರಾನ್ಸಿನ ಲೆ ಮಾನ್ಸ್ 24 ಗಂಟೆ ರೇಸಲ್ಲಿ ಓಡ್ಸಿದ್ರು. ತಿರುವಿಗೆ ಯಾವ ದಾರೀಲಿ ಹೋಗ್ಬೇಕು, ಕಣ್ಣು ಎಲ್ಲಿ ಇಡ್ಬೇಕು, ಎದ್ರಿನವನ ಬಾಲಕ್ಕೆ ತಾಗದೆ ಹ್ಯಾಂಗೆ ಕಾಯ್ಬೇಕು, ಇದೆಲ್ಲ ಕಲಿಯೋಕೆ ಸ್ಟೀರಿಂಗ್ ತೂಕ ಬೇಕಾಗಿಲ್ಲ. ನಿಮ್ಮ ಪರೀಕ್ಷೆ ಒಂದೇ ಅಳತೆ ಆದ್ರೆ ನಮ್ಮಂಥವರು ಲೆಕ್ಕಕ್ಕೇ ಬರೂದಿಲ್ಲ.

ದೇವಿಮನೆ ತಿರುವು, ಶಿರಸಿ:

@ಅಘನಾಶಿನಿ ನಿಮ್ಮ ಮಾತು ನಂಗೆ ತಾಗ್ತು. ನಾನು ಕೈ ಅಂತ ಬರ್ದಿದ್ದೆ, ಸುದ್ದಿ ಅಂತ ಬರೀಬೇಕಿತ್ತು. ಎಲ್2 ಒದಿಯೂದೂ ಸುದ್ದಿನೇ. ವೀಲಿಗೆ ದುಡ್ಡು ಸುರಿದವ ಮಾತ್ರ ಸಿಮ್ ಆಡ್ತಾನೆ ಅನ್ನೂದು ನನ್ನ ಮನಸ್ಸಲ್ಲಿ ಇರ್ಲಿಲ್ಲ. ಕಂಟ್ರೋಲರವರು ಪರೀಕ್ಷೆ ಹೀಗೆ ಮಾಡಿ: ಸೌಂಡ್ ಇಟ್ಕೊಳ್ಳಿ, ಟಯರಿನ ಚೀರಾಟ ಮೂತಿ ಹೊರಗೆ ಹೋಗೂದಕ್ಕೆ ಮುಂಚೆ ಬರ್ತದಾ, ಮತ್ತೆ ಹಿಡಿತ ಕಮ್ಮಿ ಆದಂಗೆ ಅದ್ರ ದನಿ ಬದ್ಲಾಗ್ತದಾ ನೋಡಿ. ಬರೀ ಜೋರು ಮೆಲ್ಲ ಆಗೂದಾದ್ರೆ ಬೇರೆ, ದನೀನೇ ಬದ್ಲಾದ್ರೆ ಬೇರೆ.

@ಸಿದ್ದಾಪುರದವ ಆ ಖಾಲಿ ಕ್ಷಣದ ಬಗ್ಗೆ ಹೇಳಿದ್ದು ಸರೀ ಇದೆ.

ಅರಬೈಲ್ ಲಾರಿ, ಯಲ್ಲಾಪುರ:

ನಂದು ರೇಸ್ ಅಲ್ಲ, ಆದ್ರೂ ಬರೀತೆ. ನಮ್ಮ ತಂದೆ ಅಂಕೋಲೆ ಹುಬ್ಬಳ್ಳಿ ಲಾರಿ ಓಡಿಸ್ತಿದ್ರು, ಅರಬೈಲ್ ಘಟ್ಟ ಎಷ್ಟು ಸಲ ಹತ್ತಿ ಇಳ್ದಿದ್ದಾರೋ ಲೆಕ್ಕ ಇಲ್ಲ. ಅವರು ಯಾವಾಗ್ಲೂ ಹೇಳ್ತಿದ್ದ ಮಾತು ಹತ್ತಿದ ಗೇರಲ್ಲೇ ಇಳೀಬೇಕು ಅಂತ. ಬ್ರೇಕ್ ಮೇಲೇ ಇಳಿದ್ರೆ ಡ್ರಮ್ಮು ಕಾದು ಅರ್ಧ ಘಟ್ಟದಲ್ಲಿ ಪೆಡಲ್ ಇರ್ತದೆ ಬ್ರೇಕ್ ಇರೂದಿಲ್ಲ.

ಈಗ ಪ್ರಶ್ನೆ, ಯಾವ ಗೇಮಲ್ಲಿ ಬ್ರೇಕ್ ಕಾಯ್ತದೆ? ಯೂರೋ ಟ್ರಕ್ ಸಿಮ್ಯುಲೇಟರ್ 2 ನಂಗೆ ಪ್ರಾಣ, 2012ರಿಂದ ಇದೆ, ರಿಟಾರ್ಡರು (ಚಕ್ರದ ಬ್ರೇಕ್ ಮುಟ್ಟದೆ ಲಾರಿ ನಿಧಾನ ಮಾಡೂದು) ಇಂಜಿನ್ ಬ್ರೇಕು ಎಲ್ಲ ಇದೆ, ಟ್ರೇಲರ್ ಬಾಲ ತಿರುವಲ್ಲಿ ಒಳಗೆ ಕತ್ತರಿಸೂದನ್ನ ಕಲಿಸ್ತದೆ, ಆದ್ರೆ ಟಯರು ಸರಳ. ಬೀಮ್‌ಎನ್‌ಜಿ ಡ್ರೈವ್ ಅಂತ ಜರ್ಮನಿಯವರದ್ದು ಇದೆಯಲ್ಲ, ಅದರಲ್ಲಿ ಗಾಡಿ ಇಡೀ ಸಣ್ಣ ಸಣ್ಣ ಗಂಟು ಮತ್ತೆ ಅವನ್ನ ಸೇರ್ಸೂ ಕಡ್ಡಿಗಳಿಂದ ಮಾಡಿದ್ದು, ಸೆಕೆಂಡಿಗೆ 2000 ಸಲ ಲೆಕ್ಕ ಹಾಕ್ತದೆ. ಜನ ಗುದ್ದಿ ಚಪ್ಪಟೆ ಮಾಡೋಕೆ ಅದನ್ನ ಆಡ್ತಾರೆ, ನಂಗೆ ಅದು ಬೇಜಾರು. ಅದರ ಇಟಲಿ ಮ್ಯಾಪಲ್ಲಿ ಗುಡ್ಡದ ಮೇಲಿಂದ ಲೋಡ್ ಲಾರಿ ತಗೊಂಡು ಬರೀ ಬ್ರೇಕ್ ಮೇಲೆ ಇಳ್ದು ನೋಡಿ. ನಾಲ್ಕು ತಿರುವು ಆದ್ಮೇಲೆ ಪೆಡಲ್ ತುಂಬಾ ಒತ್ತಿದ್ರೂ ನಿಲ್ಲೂದಿಲ್ಲ. ತಂದೆಗೆ ತೋರಿಸ್ದೆ, ಒಂದ್ಸಲ ನೋಡಿ ಅವರು ಕೈ ಮುಂದೆ ಚಾಚಿ "ಗೇರ್ ಇಳ್ಸು, ಗೇರ್ ಇಳ್ಸು" ಅಂದ್ರು, ನನ್ನ ಕುರ್ಚಿ ಹಿಡ್ಕೊಂಡೇ ನಿಂತಿದ್ರು. ನನ್ನ ಮಟ್ಟಿಗೆ ರಿಯಲ್ ಅಂದ್ರೆ ಅದು.

ಹೊನ್ನಾವರ ಶರಾವತಿ:

ಮಳೆ ಬಗ್ಗೆ ಯಾರೂ ಬರೀಲಿಲ್ಲ, ನಮ್ಮ ಜಿಲ್ಲೆಯವರಾಗಿ! ಆನ್‌ಲೈನಲ್ಲಿ ಬೇರೆಯವರ ಜೊತೆ ಓಡ್ಸೂ ಐರೇಸಿಂಗ್ ಸಿಮ್ 2008ರಲ್ಲಿ ಶುರುವಾಗಿದ್ದು, ಮಳೆ ಬಂದಿದ್ದು 2024ರಲ್ಲಿ, ಅಷ್ಟು ಕಾಲ ಒಣ ರಸ್ತೇಲೇ ಓಡಿಸಿದ್ರು. ಆದ್ರೆ ಬಂದಿದ್ದು ಚಲೋ ಬಂತು. ರೇಸಲ್ಲಿ ಎಲ್ರೂ ಹೋಗೂ ದಾರೀಲಿ ಟಯರಿನ ರಬ್ಬರು ಮೆತ್ತಿರ್ತದೆ, ಒಣಗಿದ್ದಾಗ ಅದು ಹಿಡಿತ ಕೊಡ್ತದೆ, ನೀರು ಬಿದ್ದಾಗ ಅದೇ ಜಾರ್ತದೆ, ಆಗ ದಾರಿ ಬಿಟ್ಟು ಹೊರಗಡೆ ಒರಟು ಜಾಗ ಹುಡುಕ್ಕೊಂಡು ಹೋಗ್ಬೇಕು. ಕಾಂಪಿಟಿಜಿಯೋನೆಯಲ್ಲೂ ನೀರು ನಿಲ್ಲೋ ಜಾಗ ಒಣಗೋ ದಾರಿ ಇದೆ, ಅದು 2019ರಿಂದ್ಲೇ ಇತ್ತು.

ಇದು ನಮ್ಗೆ ಹೊಸದಲ್ಲ. ಮೊದಲ ಮಳೆ ಬಿದ್ದ ದಿನ ಹೈವೇ 66ರಲ್ಲಿ ಧೂಳು ಆಯಿಲ್ಲು ಎಲ್ಲ ಮೇಲೆ ಬಂದು ಸೋಪು ಹಚ್ಚಿದಂಗೆ ಆಗ್ತದೆ, ಬೈಕಿನವರು ಬೀಳೂದು ಅವತ್ತೇ ಜಾಸ್ತಿ. ನಾಕು ದಿನ ಹೊಡ್ದ ಮೇಲೆ ತೊಳ್ದು ಹಿಡಿತ ವಾಪಸ್ ಬರ್ತದೆ. ಆಮೇಲೆ ಆಷಾಢ ಶ್ರಾವಣದಲ್ಲಿ ಮರದ ನೆರಳಿರೂ ಕಡೆ ರಸ್ತೆ ಅಂಚಿಗೆ ಹಾವಸೆ ಕಟ್ತದೆ. ಈ ಹಾವಸೆ ನಾನು ಆಡಿದ ಯಾವ ಗೇಮಲ್ಲೂ ಇಲ್ಲ.

ಐರೇಸಿಂಗಿಗೆ ತಿಂಗಳ ಚಂದಾ, ಮೇಲೆ ಕಾರು ಟ್ರ್ಯಾಕು ಬೇರೆ ಬೇರೆ ಕೊಳ್ಬೇಕು, ಅದು ನಮ್ಮ ಜೇಬಿಗೆ ಭಾರವೇ. ನಾನು ಎರಡು ತಿಂಗಳು ಹಾಕ್ಕೊಂಡು ಬಿಡ್ತೇನೆ, ಮತ್ತೆ ಹಾಕ್ಕೊಳ್ತೇನೆ. ಆದ್ರೆ ಅಲ್ಲಿ ಗುದ್ದಿದ್ರೆ ಸೇಫ್ಟಿ ರೇಟಿಂಗ್ ಇಳೀತದೆ, ಹಾಗಾಗಿ ಎದ್ರಿಗಿರೋನು ನಿಜವಾಗ್ಲೂ ಹೆದರ್ಕೊಂಡು ಓಡಿಸ್ತಾನೆ, ನಾನೂ ಹಾಗೇ. ಎದೆ ಹೊಡ್ಕೊಳ್ಳೂದು ರಿಯಲ್ ಆಗಿರ್ತದೆ. ಮಳೆಗಾಲದಲ್ಲಿ ಕರೆಂಟ್ ಹೋಗೂದಕ್ಕೆ ರೂಟರಿಗೊಂದು ಪಿಸಿಗೊಂದು ಯುಪಿಎಸ್ ಇಟ್ಟಿದ್ದೇನೆ, ಇಲ್ದಿದ್ರೆ ರೇಸ್ ಮಧ್ಯೆ ಮಾಯ ಆದ್ರೆ ರೇಟಿಂಗು ಹೋಗ್ತದೆ.

ಕಾಳಿ ದಂಡೆ, ಕಾರವಾರ:

ಪರೀಕ್ಷೆ ಮಾಡ್ದೆ. ಲಾಜಿಟೆಕ್ ಜಿ29 ವೀಲು, ಅಸೆಟೊ ಕೋರ್ಸಾ, ಎಲೀಸ್. ನಂಗೆ ಹಗುರ ಆಗ್ಲೇ ಇಲ್ಲ, ತಿರುವಿಡೀ ಒಂದೇ ಬಿಗಿ, ಆಮೇಲೆ ಏಕ್ದಂ ಮೂತಿ ಹೋಯ್ತು. ಏನು ತಪ್ಪು?

ದೇವಿಮನೆ ತಿರುವು, ಶಿರಸಿ:

ಗೇನ್, ಅಂದ್ರೆ ವೀಲಿನ ಬಲದ ಸೆಟ್ಟಿಂಗು, ಎಷ್ಟಿಟ್ಟಿದ್ದೀರಿ? 100 ಇಟ್ಟಿದ್ರೆ ಕತೆ ಅದೇ. ಆ ವೀಲಿನ ಮೋಟರ್ ಕೊಡೂದು 2 ನ್ಯೂಟನ್ ಮೀಟರಿಗೆ ಸ್ವಲ್ಪ ಮೇಲೆ, ಗೇಮು ಅದಕ್ಕಿಂತ ಜಾಸ್ತಿ ಕೇಳಿದಾಗ ಮೋಟರು ಮೇಲಿನ ಗೋಡೆಗೆ ತಲೆ ತಾಗ್ಸಿ ಅಲ್ಲೇ ನಿಲ್ತದೆ. ಗೇಮು ಕೇಳೂದು 4ರಿಂದ 3ಕ್ಕೆ ಇಳಿದ್ರೂ ನಿಮ್ಮ ಕೈಗೆ ಬರೂದು ಅದೇ 2. ಕ್ಲಿಪ್ಪಿಂಗ್ ಅಂತಾರಲ್ಲ, ಅದು. ಗೇಮಿನೊಳಗೆ ಪೆಡಲ್ ತೋರ್ಸೂ ಆ್ಯಪ್ ತೆರ್ದು ಅದರ ಫೋರ್ಸ್ ಫೀಡ್‌ಬ್ಯಾಕ್ (ವೀಲಿಗೆ ಹೋಗೂ ಬಲ) ಪಟ್ಟಿ ನೋಡಿ, ತಿರುವಲ್ಲಿ ಕೆಂಪಾಗಿ ನಿಂತಿದ್ರೆ ಗೇನ್ ಇಳ್ಸಿ. ಕರ್ಬ್, ರೋಡ್, ಸ್ಲಿಪ್ ಎಫೆಕ್ಟ್ ಮೂರೂ ಸೊನ್ನೆ ಮಾಡಿ, ಅವು ಟಯರಿಂದ ಬಂದಿದ್ದಲ್ಲ, ಮೇಲಿಂದ ಸೇರ್ಸಿದ್ದು. ವೀಲು ಮೆತ್ತಗೆ ಅನ್ಸ್ತದೆ, ಎರಡು ದಿನ ತಡ್ಕೊಳ್ಳಿ. ಜೋರಾಗಿ ಕೂಗೋರ ಮಾತಿಗಿಂತ ಮೆಲ್ಲಗೆ ಹೇಳೋರ ಮಾತಲ್ಲಿ ಏರಿಳಿತ ಜಾಸ್ತಿ ಕೇಳ್ತದಲ್ಲ, ಹಾಗೆ.

ಮತ್ತೆ ಎಫ್‌ಒವಿ, ಅಂದ್ರೆ ಪರದೇಲಿ ಎಷ್ಟು ಡಿಗ್ರಿ ನೋಟ ಕಾಣ್ಬೇಕು ಅನ್ನೂ ಸೆಟ್ಟಿಂಗು. ನಿಮ್ದು 27 ಇಂಚು ಮಾನಿಟರು ಅಂತ ಒಮ್ಮೆ ಹೇಳಿದ್ರಿ. ಕಣ್ಣಿಂದ 70 ಸೆಂಟಿಮೀಟರ್ ದೂರ ಇದ್ರೆ ಲೆಕ್ಕದ ಪ್ರಕಾರ ಅಡ್ಡಕ್ಕೆ 46 ಡಿಗ್ರಿ, ಉದ್ದಕ್ಕೆ 27 ಡಿಗ್ರಿ ಬರ್ತದೆ. ಅಸೆಟೊ ಕೋರ್ಸಾದಲ್ಲಿ ಹಾಕೂದು ಉದ್ದದ್ದು. ಮೊದ್ಲು ಬಾಗಿಲ ಸಂದೀಲಿ ಇಣುಕಿದಂಗೆ ಆಗ್ತದೆ, ಪಕ್ಕದ ಕನ್ನಡಿ ಕಾಣೂದಿಲ್ಲ, ಆದ್ರೆ ತಿರುವು ನಿಜವಾದ ದೂರದಲ್ಲಿ ನಿಜವಾದ ಅಳತೇಲಿ ಕಾಣ್ತದೆ. ಜಾಸ್ತಿ ಡಿಗ್ರಿ ಇಟ್ರೆ ಸ್ಪೀಡ್ ಹೆಚ್ಚು ಅನ್ಸ್ತದೆ, ತಿರುವು ದೂರ ಅನ್ಸ್ತದೆ, ಗಾಡಿ ಹಿಂದೆ ಜಾರೂದು ಕಣ್ಣಿಗೆ ತಡ ಆಗಿ ಗೊತ್ತಾಗ್ತದೆ. ಕುರ್ಚೀಲಿ ಕೂತವಂಗೆ ಸೊಂಟಕ್ಕೆ ಸುದ್ದಿ ಬರೂದಿಲ್ಲ, ಓಮ್ನೀಲಿ ಬರ್ತಿತ್ತು. ಹಿಂಬದಿಯ ಸುದ್ದಿ ಪೂರ್ತಿ ಕಣ್ಣಿನ ಮೇಲೇ ಬಿತ್ತು, ಹಾಗಾಗಿ ಕಣ್ಣಿಗೆ ಸುಳ್ಳು ತೋರಿಸಬಾರ್ದು.

ಕಾಳಿ ದಂಡೆ, ಕಾರವಾರ:

ಗೇನ್ 100 ಇತ್ತು. 62ಕ್ಕೆ ಇಳ್ಸಿದ ಮೇಲೆ ಕೆಂಪು ಬರೂದು ಬಂದ್ ಆಯ್ತು. ಎಫ್‌ಒವಿ 27 ನಂಗೆ ಆಗ್ಲಿಲ್ಲ, ಮಾನಿಟರ್ ವೀಲಿನ ಹಿಂದಕ್ಕೇ ತಂದು ಇಟ್ಟು 34 ಮಾಡ್ಕೊಂಡೆ.

ನಿನ್ನೆ ರಾತ್ರಿ ಸೌಂಡ್ ಬಂದ್ ಮಾಡಿ ಅದೇ ತಿರುವು ಇಪ್ಪತ್ತು ಸಲ ಹೋಗಿರ್ಬೇಕು. ಹಗುರ ಆಗ್ತದೆ. ನೀವು ಹೇಳಿದಂಗೆ ಹಗ್ಗ ಹರಿದಂಗೆ ಅಲ್ಲ ನಂಗೆ, ಬಲೆ ಎಳೀವಾಗ ಒಂದು ಕಡೆ ಭಾರ ಸಡ್ಲ ಆಗ್ತದಲ್ಲ, ಅಷ್ಟು ಸಣ್ಣಕ್ಕೆ. ಆಮೇಲೆ ಅರ್ಧ ಸೆಕೆಂಡ್ ಇರ್ತದೆ. ಆ ಅರ್ಧ ಸೆಕೆಂಡಲ್ಲಿ ಕಾಲು ಎತ್ತಿದ್ರೆ ಮೂತಿ ವಾಪಸ್ ಬರ್ತದೆ. ಲ್ಯಾಪ್ ಟೈಮು ಮೊದ್ಲಿಗಿಂತ ಒಂದು ಸೆಕೆಂಡ್ ಜಾಸ್ತಿನೇ ಬಂತು, ಆದ್ರೆ ಇಪ್ಪತ್ತರಲ್ಲಿ ಒಂದ್ಸಲಾನೂ ಹುಲ್ಲಿಗೆ ಹೋಗ್ಲಿಲ್ಲ. ಇವತ್ತು ಕಾಂಪಿಟಿಜಿಯೋನೆಯಲ್ಲಿ ಮಾಡ್ತೇನೆ, ಅದ್ರಲ್ಲಿ ಪವರ್ ಸ್ಟೀರಿಂಗ್ ಇರೂ ಜಿಟಿ3 ಅನ್ನೋ ವರ್ಗದ ರೇಸ್ ಕಾರು, ಅಲ್ಲಿ ಸಿಗ್ತದಾ ನೋಡ್ಬೇಕು.

ಅಘನಾಶಿನಿ, ಕುಮಟಾ:

ನಾನೂ ಮಾಡ್ದೆ, ಕಂಟ್ರೋಲರಲ್ಲಿ, ಸೌಂಡ್ ಇಟ್ಕೊಂಡು, ಗ್ರ್ಯಾನ್ ಟುರಿಸ್ಮೊ 7ರಲ್ಲಿ ಮಾಜ್ದಾ ರೋಡ್‌ಸ್ಟರ್. ಚೀರಾಟ ಮುಂಚೆ ಬರ್ತದೆ. ಮೊದ್ಲು ಸಣ್ಣ ಸಿಳ್ಳೆ, ಹಿಡಿತ ಮುಗೀತಾ ಬಂದಾಗ ಅದು ಒಡ್ದ ದನಿ ಆಗ್ತದೆ. ಇಷ್ಟು ದಿನ ಹಾಡು ಹಾಕ್ಕೊಂಡೇ ಆಡ್ತಿದ್ದೆ, ಕೇಳಿರಲೇ ಇಲ್ಲ. ಗೆಳತಿ ವೀಲ್ ಈ ಭಾನುವಾರ ತರ್ತೇನೆ ಅಂದಿದ್ದಾಳೆ, ಅದೇ ಕಾರು ಅದೇ ತಿರುವು ಎರಡರಲ್ಲೂ ಓಡ್ಸಿ ಬರೀತೇನೆ.